ಹೊಟ್ಟೆಯ ನೀರು

ಮೊದಲ ದಿನವೇ ಜಗಳ, ಒಂದು ಪದಕ್ಕೆ.
ನಾನು ಬೋಗಿ ಅಂದದ್ದು ಜನ ಕೂರುವ ಡಬ್ಬಿಗೆ,
ಆಲ್ವಿನ್ ಪ್ರೆಸ್ಕಾಡ್ ಬೋಗಿ ಅಂದದ್ದು
ಅದರಡಿ ಗಾಲಿ ಕಟ್ಟಿಕೊಂಡ ಉಕ್ಕಿನ ಚೌಕಟ್ಟಿಗೆ.
ಅರ್ಧ ಗಂಟೆ ಬೇರೆ ಬೇರೆ ಕಡೆ ಬೆರಳು ತೋರಿಸುತ್ತ
ಒಂದೇ ಪದ ಕೂಗಾಡಿದೆವು ಡಾರ್ಬಿಯ ಶೆಡ್ಡಿನಲ್ಲಿ.
ಆಮೇಲೆ ಚಹಾ ಕೊಟ್ಟ, ಹಾಲು ಮೊದಲು ಹಾಕಿ.

ನನ್ನ ಕೆಲಸ ಕಾಗದದ ರೈಲು ಓಡಿಸುವುದು.
ಅದಕ್ಕೆ ಕಿಟಕಿಯಿಲ್ಲ, ಟಿಕೆಟ್ಟಿಲ್ಲ, ಎಡಬಲವಿಲ್ಲ,
ಮೇಲೆ ಕೆಳಗೆ ಮಾತ್ರ.
ಡಬ್ಬಿ ಒಂದು ತೊಲೆ. ತೊಲೆಯ ಕೆಳಗೆ ಗಾಳಿ ತುಂಬಿದ ಸ್ಪ್ರಿಂಗು,
ಅದರ ಕೆಳಗೆ ಆಲ್ವಿನ್ನನ ಬೋಗಿ,
ಮತ್ತೆ ಸ್ಪ್ರಿಂಗು, ಎಣ್ಣೆಯ ಡ್ಯಾಂಪರು, ಕೊನೆಗೆ ಗಾಲಿ.
ಗಾಲಿಯ ಕೆಳಗೆ ಹಳಿಯ ಉಬ್ಬುತಗ್ಗು,
ಕೂದಲೆಳೆಯಷ್ಟು, ಕೆಲವು ಕಡೆ ಅಕ್ಕಿಕಾಳಿನಷ್ಟು.

ಸೆಕೆಂಡಿಗೊಮ್ಮೆ ಇಡೀ ಡಬ್ಬಿ ಏಳುತ್ತದೆ, ಕೂರುತ್ತದೆ.
ತೊಟ್ಟಿಲ ಲಯ, ಯಾರೂ ದೂರು ಕೊಡುವುದಿಲ್ಲ.
ಕೆಟ್ಟದ್ದು ಎಂಟರ ಹತ್ತಿರ.
ಅಲ್ಲಿ ತೊಲೆಯೇ ಬಿಲ್ಲಾಗಿ ಬಾಗಿ ಮಿಡಿಯುತ್ತದೆ:
ನಡುವಿನ ಸೀಟಿನವರ ಕಾಫಿಯಲ್ಲಿ ಉಂಗುರ,
ಪದಬಂಧದ ಚೌಕದಿಂದ ಅಕ್ಷರ ಹೊರಕ್ಕೆ.

ಹೊಟ್ಟೆಯ ನೀರು ಅಲುಗದ ಹಾಗೆ ಅನ್ನುತ್ತೇವಲ್ಲ,
ಸುಖವಾಗಿರುವವರ ಬಗ್ಗೆ, ಸ್ವಲ್ಪ ಹೊಟ್ಟೆಕಿಚ್ಚಿನಿಂದ,
ನನ್ನ ಮೇಜಿನ ಮೇಲಿನ ದಪ್ಪ ಮಾನದಂಡದ ಪುಸ್ತಕ
ಹೇಳುವುದೂ ಅಷ್ಟೇ.

ಆ ಚಳಿಗಾಲ ಮರಳುಚೀಲ ಹತ್ತಿಸಿದೆವು.
ಇಪ್ಪತ್ತೈದು ಕಿಲೋದವು, ಸೀಟಿಗೆ ಮೂರು:
ಒಬ್ಬ ಪ್ರಯಾಣಿಕ.
ಆಲ್ವಿನ್ ಒಂದಕ್ಕೆ ಟೋಪಿ ಇಟ್ಟ.
ರಾತ್ರಿ ಹನ್ನೊಂದಕ್ಕೆ ಹೊರಟು
ಬರ್ಟನ್ನಿನ ಬಿಯರ್ ವಾಸನೆಯವರೆಗೆ ಹೋಗಿಬಂದೆವು.
ನನ್ನ ಗೆರೆ, ಅಳೆದ ಗೆರೆ
ಒಂದರ ಮೇಲೊಂದು ಕೂತವು, ಎಂಟರ ಶಿಖರದ ತುದಿಯವರೆಗೂ.
ನಾನು ಹಿಗ್ಗಿದೆ. ಅವನು ಹಿಗ್ಗಲಿಲ್ಲ.
"ಶನಿವಾರದ ಗಾಡಿ ಹೀಗೆ ನಡುಗೋದಿಲ್ಲ."
ಯಾವ ಶನಿವಾರ?
"ಫುಟ್‌ಬಾಲ್ ಇರುವ ಶನಿವಾರ" ಅಂದ, ಗೋಡೆಗೆ ಅಂಗೈ ಒತ್ತಿ.
ಮೂವತ್ತೆಂಟು ವರ್ಷದ ಅಂಗೈ.
ಗ್ರಾಫಿನಲ್ಲಿ ಅದಕ್ಕೆ ಅಕ್ಷವಿರಲಿಲ್ಲ.

ಮಾರ್ಚಿನ ಒಂದು ಭಾನುವಾರ ಜನ ಕೂಡಿಸಿದೆವು,
ಬಿಟ್ಟಿ ಸ್ಯಾಂಡ್‌ವಿಚ್ಚಿನ ಆಸೆ ತೋರಿಸಿ.
ಗುರುದ್ವಾರದ ಅಡುಗೆಮನೆಯಿಂದ ಗುರ್ಮೇಜ್ ಕೌರ್, ಜೊತೆಗೆ ಹನ್ನೊಂದು ಹೆಂಗಸರು,
ಹಿತ್ತಾಳೆ ವಾದ್ಯದ ತಂಡವೊಂದು, ವಾದ್ಯ ಮನೆಯಲ್ಲಿ ಬಿಟ್ಟು,
ರಾತ್ರಿಪಾಳಿ ಮುಗಿಸಿದ ನರ್ಸ್ ಮಾರಿಯೋಲಾ, ಕೂತ ತಕ್ಷಣ ಗೊರಕೆ,
ಒಂದೂವರೆ ಸೀಟು ಬೇಡುವ ಲಾರಿ ಚಾಲಕ.
ಒಬ್ಬೊಬ್ಬರನ್ನೂ ತೂಗಿದೆ. ಗುರ್ಮೇಜ್ ಕೌರ್
ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡರು.
ಒಟ್ಟು ಭಾರ ಮರಳಿಗಿಂತ ನಾಲ್ಕೇ ಕಿಲೋ ಹೆಚ್ಚು.
ಅದೇ ಹಳಿ. ಅದೇ ವೇಗ. ಅದೇ ಬರ್ಟನ್.

ಎಂಟರ ಶಿಖರ ಅರ್ಧಕ್ಕಿಳಿಯಿತು.

ಮೂರು ಸಲ ತಂತಿ ಕಿತ್ತು ಹಾಕಿ ನೋಡಿದೆ.
ಶಿಖರ ಅಲ್ಲೇ, ದಿಣ್ಣೆಯಾಗಿ.

ಹೆಣಭಾರ ನಡುಕವನ್ನು ಹಾಗೇ ಹಿಂದಿರುಗಿಸುತ್ತದೆ,
ಕರಾರುವಾಕ್ಕಾಗಿ, ಪೈಸೆ ಬಿಡದೆ.
ಉಸಿರಾಡುವ ಭಾರ ನುಂಗಿಕೊಳ್ಳುತ್ತದೆ.
ಕುಂಡೆಯ ಮಾಂಸ, ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಂಡ ಹೊಟ್ಟೆ,
ಒಬ್ಬೊಬ್ಬರೂ ತಿಳಿಯದೆ ಒಂದೊಂದು ಡ್ಯಾಂಪರು.
ಎದುರಿನವರ ಕಾಫಿ ಸುಮ್ಮನಾದದ್ದು
ಮಾರಿಯೋಲಾಳ ನಿದ್ದೆಯಿಂದ.
ಎಬ್ಬಿಸಿ ಹೇಳೋಣವೆನಿಸಿತು. ಎಬ್ಬಿಸಲಿಲ್ಲ.

ಈಗ ನನ್ನ ಸಮೀಕರಣಕ್ಕೆ ಒಂದು ಪದ ಹೆಚ್ಚು.
ಸಣ್ಣ ಅಕ್ಷರ, ಅದರ ಕಾಲಬುಡದಲ್ಲಿ ಇನ್ನೂ ಸಣ್ಣದು.
"ಇದರಲ್ಲಿ ಆ ಹೆಂಗಸರು ಎಲ್ಲಿ?" ಅಂದ ಆಲ್ವಿನ್.
ಬೆರಳಿಟ್ಟು ತೋರಿಸಿದೆ.
"ಲಾರಿಯವನು?"
ಅವನೂ.
ಈ ಸಲ ಇಬ್ಬರ ಬೆರಳೂ ಒಂದೇ ಕಡೆ.

ಡರ್ವೆಂಟ್ ನದಿ ಉಕ್ಕಿದ ವಾರ
ಮರಳುಚೀಲಗಳನ್ನು ಶೆಡ್ಡಿನ ಬಾಗಿಲಿಗೆ ಒಟ್ಟಿದೆವು, ಟೋಪಿಯದನ್ನೂ.
ಆ ಕೆಲಸಕ್ಕೆ ಅವು ಪರವಾಗಿಲ್ಲ.

ಕೊನೆಯ ಗಾಡಿಯಲ್ಲಿ ಐದೇ ಜನ.
ನಡುವಿನ ಸೀಟು, ಕಾಫಿಯಲ್ಲಿ ಉಂಗುರ.
ಲಾಂಗ್ ಈಟನ್ನಿನಲ್ಲಿ ಒಬ್ಬ ಹತ್ತಿದ, ಒದ್ದೆ ನಾಯಿಯೊಂದಿಗೆ.
ಉಂಗುರ ಕಡಿಮೆಯಾಯಿತೆಂದರೆ ಸುಳ್ಳಾದೀತು.
ಸರಿದು ಜಾಗ ಕೊಟ್ಟೆ.